ಖಾಕಿ ಕಳಚಿದವರು ಲೋಕಸಭೆಗೆ ಹೋಗಬೇಕೆ?

ಪರ

ನವೆಂಬರ್ 1ರಂದು ಬೆಳಗಾವಿಯಲ್ಲಿ ರಾಜ್ಯೋತ್ಸವದ ಮೆರವಣಿಗೆಯೂ ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕೆನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿಯ ಕರಾಳ ದಿನವೂ ಒಟ್ಟಿಗೇ ಬರುತ್ತವೆ. ಬೆಳಗಿನಿಂದ ನಡುರಾತ್ರಿಯವರೆಗೆ ಚನ್ನಮ್ಮ ವೃತ್ತದಲ್ಲಿ ನಿಂತು, ಎರಡೂ ಕಡೆಯ ಹಿರಿಯರನ್ನು ಬದಿಗೆ ಕರೆದು ಒಪ್ಪಿಸಿ, ಲಾಠಿ ಎತ್ತದೆ ಆ ದಿನವನ್ನು ದಾಟಿಸಿದ ಪೊಲೀಸ್ ಅಧಿಕಾರಿಗೆ ಕರ್ನಾಟಕ-ಮಹಾರಾಷ್ಟ್ರ ಗಡಿ ವಿವಾದವೆಂದರೆ ಬರೀ ಕಡತವಲ್ಲ. 2004ರಿಂದ ಸುಪ್ರೀಂ ಕೋರ್ಟಿನ ಮುಂದಿರುವ ಈ ವಿಷಯದ ಬಗ್ಗೆ ಅಂಥವರು ಸಂಸತ್ತಿನಲ್ಲಿ ಎದ್ದು ನಿಂತರೆ ಮಾತಿಗೆ ತೂಕ ಬರುತ್ತದೆ.

ಜಾತಿಯ ಲೆಕ್ಕವಿಲ್ಲದೆ ಗೆಲ್ಲಲಾಗದು ಎನ್ನುವವರು ಎಚ್.ಟಿ. ಸಾಂಗ್ಲಿಯಾನಾ ಅವರನ್ನು ನೆನೆಯಬೇಕು. ಮಿಜೋರಾಂ ಮೂಲದ ಈ ಐಪಿಎಸ್ ಅಧಿಕಾರಿಗೆ ಕರ್ನಾಟಕದಲ್ಲಿ ಸ್ವಂತ ಜಾತಿಯ ಮತಗಳೇ ಇರಲಿಲ್ಲ. ಆದರೂ 2004ರಲ್ಲಿ ಬೆಂಗಳೂರು ಉತ್ತರದಿಂದ ಬಿಜೆಪಿ ಅಭ್ಯರ್ಥಿಯಾಗಿ ನಿಂತು, ಮಾಜಿ ರೈಲ್ವೆ ಸಚಿವ ಸಿ.ಕೆ. ಜಾಫರ್ ಷರೀಫ್ ಅವರನ್ನು ಸೋಲಿಸಿದರು. ಅವರ ಹೆಸರಿನ ಸಿನಿಮಾ ಅವರನ್ನು ಮನೆಮಾತಾಗಿಸಿತ್ತು, ನಿಜ; ಆದರೆ ಆ ಸಿನಿಮಾಕ್ಕೆ ಅವರ ಹೆಸರು ಬಂದದ್ದೇ ಖಾಕಿಯೊಳಗೆ ಗಳಿಸಿದ ಖ್ಯಾತಿಯಿಂದ.

ವಿರೋಧ

ಸಾಂಗ್ಲಿಯಾನಾ ಅವರ ಬದುಕನ್ನು 2004ಕ್ಕೇ ನಿಲ್ಲಿಸಬಾರದು. 2008ರ ಜುಲೈ 22ರಂದು, ಅಮೆರಿಕದೊಂದಿಗಿನ ಅಣು ಒಪ್ಪಂದದ ಹಿನ್ನೆಲೆಯ ವಿಶ್ವಾಸಮತದಲ್ಲಿ, ಅವರು ತಮ್ಮ ಪಕ್ಷದ ನಿಲುವನ್ನು ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿದರು. ಬಿಜೆಪಿ ಅವರನ್ನು ಉಚ್ಚಾಟಿಸಿತು. 2009ರಲ್ಲಿ ಬೆಂಗಳೂರು ಕೇಂದ್ರದಿಂದ ಕಾಂಗ್ರೆಸ್ ಅಭ್ಯರ್ಥಿಯಾಗಿ ಸೋತರು. ಆ ಮತ ಸರಿಯೋ ತಪ್ಪೋ ಎಂಬುದನ್ನು ಇಲ್ಲಿ ಎತ್ತುತ್ತಿಲ್ಲ. ಪಕ್ಷಗಳಿಗೆ ಬೇಕಾದದ್ದು ಅಧಿಕಾರಿಯ ಹೆಸರು, ಅವರ ಸ್ವಂತ ವಿವೇಚನೆಯಲ್ಲ ಎಂಬುದು ನನಗೆ ಅಲ್ಲಿ ಕಾಣುತ್ತದೆ.

ಅದಕ್ಕಿಂತ ದೊಡ್ಡ ಆತಂಕ ನಮ್ಮ ಠಾಣೆಯ ಮೆಟ್ಟಿಲ ಮೇಲಿದೆ. ಬೈಲಹೊಂಗಲದ ಕಡೆಯ ರೈತನೊಬ್ಬ ಹೊಲದ ಬದುವಿನ ಜಗಳಕ್ಕೆ ಠಾಣೆಗೆ ಬಂದು, ಚಪ್ಪಲಿ ಹೊರಗೆ ಬಿಟ್ಟು, ರುಮಾಲು ಕೈಯಲ್ಲಿ ಹಿಡಿದು "ಸಾಹೇಬ್ರ" ಎಂದು ನಿಂತದ್ದನ್ನು ನಾನು ನೋಡಿದ್ದೇನೆ. ನಾಳೆ ಅದೇ ಸಾಹೇಬರು ಮತ ಕೇಳಲು ಬಂದರೆ, "ನಮ್ಮೂರ ಹಾದಿ ಯಾವಾಗ ಮಾಡ್ತೀರಿ?" ಎಂದು ಅವರನ್ನು ನಿಲ್ಲಿಸಿ ಕೇಳುವ ಧೈರ್ಯ ಆತನಿಗೆ ಎಲ್ಲಿಂದ ಬರಬೇಕು? ನಿವೃತ್ತಿಯ ನಂತರದ ಒಂದು ವರ್ಷದೊಳಗೆ ಖಾಸಗಿ ಕಂಪನಿ ಸೇರಲು ಐಪಿಎಸ್ ಅಧಿಕಾರಿ ಸರ್ಕಾರದ ಅನುಮತಿ ಪಡೆಯಬೇಕು. ಚುನಾವಣೆಗೆ ನಿಲ್ಲಲು ಒಂದು ದಿನವೂ ಕಾಯಬೇಕಿಲ್ಲ. ತಾವು ಎಸ್‌ಪಿಯಾಗಿದ್ದ ಜಿಲ್ಲೆಯ ಮಟ್ಟಿಗಾದರೂ ಒಂದು ಅವಧಿ ಕಾಯಬೇಕೆಂಬ ಕಾನೂನು ಬರಬೇಕು.