ಹಿಯರ್, ಲಿಸನ್, ಆಸ್ಕ್: ಮೂರಕ್ಕೂ ‘ಕೇಳು’ ಅಂತ ಬರೆಸಬೇಡಿ

ಮಕ್ಕಳ ಇಂಗ್ಲಿಷ್ ನೋಟ್‌ಬುಕ್ ತೆಗೆದು ನೋಡಿ. ಎಡಗಡೆ ಇಂಗ್ಲಿಷ್ ಪದ, ನಡುವೆ ಒಂದು ಗೆರೆ, ಬಲಗಡೆ ಕನ್ನಡದ ಒಂದೇ ಒಂದು ಪದ. ಹಿಯರ್ ಅಂದರೆ ಕೇಳು, ಲಿಸನ್ ಅಂದರೆ ಕೇಳು, ಆಸ್ಕ್ ಅಂದರೂ ಕೇಳು. ಸೀ, ಲುಕ್, ವಾಚ್ ಮೂರಕ್ಕೂ ನೋಡು. ಆಮೇಲೆ ಮಗು ‘ಲಿಸನ್ ಮಿ’ ಅಂದಾಗ ಗ್ರಾಮರ್ ಬರಲ್ಲ ಅಂತ ಬೈಯುತ್ತೇವೆ. ತಪ್ಪಿರುವುದು ಆ ಗೆರೆಯ ಬಲಗಡೆ.

‘ಕನ್ನಡದಲ್ಲಿ ಯೋಚಿಸಬೇಡ, ಇಂಗ್ಲಿಷಿನಲ್ಲೇ ಯೋಚಿಸು’ ಅನ್ನುವ ಉಪದೇಶವನ್ನು ನಾನು ಒಪ್ಪುವುದಿಲ್ಲ. ಈ ಕ್ರಿಯಾಪದಗಳ ನಡುವಿನ ವ್ಯತ್ಯಾಸ ಬಹುಪಾಲು ಕನ್ನಡದಲ್ಲೇ ಇದೆ. ಹುಡುಕಿ ಬರೆಸುವವರು ಬೇಕು.

‘ಕೇಳು’ವನ್ನೇ ತಗೊಳ್ಳಿ. ಪಕ್ಕದ ಮನೆಯ ಮಿಕ್ಸಿ ಸದ್ದು ನಮಗೆ ಬೇಡದಿದ್ದರೂ ಕಿವಿಗೆ ಬೀಳುತ್ತದೆ. ಅದು ಕೇಳಿಸು, ಅಂದರೆ ಹಿಯರ್. ವಾರ್ತೆ ಕೇಳಬೇಕು ಅಂತಲೇ ರೇಡಿಯೋ ಮುಂದೆ ಕೂತರೆ ಅದು ಕಿವಿಗೊಡು, ಅಂದರೆ ಲಿಸನ್. ಲಿಸನ್ ಮುಂದೆ ‘ಕಿವಿಗೊಡು’ ಅಂತ ಬರೆಸಿದರೆ ಇನ್ನೊಂದು ಲಾಭವಿದೆ. ಕಿವಿಗೊಡುವುದು ಯಾವುದಕ್ಕೆ? ರೇಡಿಯೋಗೆ, ಮಾತಿಗೆ. ಆ ‘ಗೆ’ಯೇ ಇಂಗ್ಲಿಷಿನ ‘ಟು’. ಲಿಸನ್ ಟು ದ ರೇಡಿಯೋ, ಲಿಸನ್ ಟು ಮಿ. ಆಸ್ಕ್ ಮುಂದೆ ‘ವಿಚಾರಿಸು’ ಇರಲಿ. ವಿಚಾರಿಸುವುದು ಯಾರನ್ನು? ಅವನನ್ನು. ‘ಗೆ’ ಇಲ್ಲ, ಆದ್ದರಿಂದ ‘ಟು’ ಕೂಡ ಇಲ್ಲ: ಆಸ್ಕ್ ಹಿಮ್. ಆದರೆ ನೀರು ಕೇಳುವುದು, ಸಹಾಯ ಕೇಳುವುದು ವಿಚಾರಣೆಯಲ್ಲ, ಬೇಡಿಕೆ. ಬೇಕಾದ ವಸ್ತುವಿನ ಹಿಂದೆ ‘ಫಾರ್’ ಬರಲೇಬೇಕು: ಆಸ್ಕ್ ಫಾರ್ ವಾಟರ್.

ಕನ್ನಡ ದಾರಿ ತಪ್ಪಿಸುವ ಜಾಗವೂ ಒಂದಿದೆ. ಆನ್‌ಲೈನ್ ಮೀಟಿಂಗ್‌ಗಳಲ್ಲಿ ‘ಐ ಆಮ್ ನಾಟ್ ಹಿಯರಿಂಗ್ ಯು’ ಅನ್ನುವುದು ಸಾಮಾನ್ಯ. ‘ಕೇಳಿಸ್ತಾ ಇಲ್ಲ’ದ ‘ತಾ ಇಲ್ಲ’ ಅಲ್ಲಿ ‘ಇಂಗ್’ ಆಗಿ ಕೂತಿದೆ. ಕೇಳಿಸುವುದು, ಕಾಣುವುದು ನಾವು ಬೇಕೆಂದು ಮಾಡುವ ಕೆಲಸವಲ್ಲವಾದ್ದರಿಂದ ಆ ಅರ್ಥದ ಹಿಯರ್, ಸೀಗಳಿಗೆ ಇಂಗ್ಲಿಷ್ ಸಾಮಾನ್ಯವಾಗಿ ‘ಇಂಗ್’ ಹಚ್ಚುವುದಿಲ್ಲ. ‘ಐ ಕಾಂಟ್ ಹಿಯರ್ ಯು’ ಅನ್ನಬೇಕು. ‘ಐ ಆಮ್ ಲಿಸನಿಂಗ್’ ಸರಿ, ಏಕೆಂದರೆ ಕಿವಿಗೊಡುವುದು ನಮ್ಮ ಕೈಯಲ್ಲಿದೆ.

ನೋಡುವುದಕ್ಕೂ ಇದೇ ಲೆಕ್ಕ. ‘ನೋಡಿದೆ, ಆದರೆ ಕಾಣಲಿಲ್ಲ’ ಅನ್ನುವ ಒಂದು ವಾಕ್ಯದಲ್ಲಿ ಲುಕ್ ಮತ್ತು ಸೀ ಎರಡೂ ಇವೆ. ನೋಡಿದ್ದು ಲುಕ್, ಕಾಣದೆ ಹೋದದ್ದು ಸೀ. ಲುಕ್‌ಗೆ ‘ಕಡೆ ನೋಡು’ ಅಂತಲೇ ಬರೆಸಿ. ಬೋರ್ಡಿನ ಕಡೆ ನೋಡು, ಲುಕ್ ಅಟ್ ದ ಬೋರ್ಡ್. ‘ಕಡೆ’ ನೆನಪಿದ್ದರೆ ‘ಅಟ್’ ಬಿಟ್ಟುಹೋಗುವುದಿಲ್ಲ. ‘ಸಾಹೇಬರನ್ನು ಹೋಗಿ ಕಾಣು’ ಅಂದಾಗ ಕಾಣು ಅಂದರೆ ಭೇಟಿಯಾಗು, ಸೀಗೂ ಅದೇ ಅರ್ಥವಿದೆ. ಎರಡು ಭಾಷೆ ಹೀಗೆ ಒಂದೇ ದಾರಿ ಹಿಡಿದದ್ದು ನನಗೆ ಬಹಳ ಇಷ್ಟ. ವಾಚ್ ಅಂದರೆ ಚಲಿಸುವ, ಬದಲಾಗುವ ವಸ್ತುವಿನ ಮೇಲೆ ಸ್ವಲ್ಪ ಹೊತ್ತು ಕಣ್ಣಿಟ್ಟಿರುವುದು. ಕ್ರಿಕೆಟ್ ಮ್ಯಾಚ್‌ಗೆ ವಾಚ್, ಒಲೆ ಮೇಲಿನ ಹಾಲು ಉಕ್ಕದಂತೆ ಕಾಯುವುದಕ್ಕೂ ವಾಚ್. ಗೋಡೆಯ ಫೋಟೋಗೆ ಮಾತ್ರ ಲುಕ್ ಅಟ್.

ಅತಿ ಹೆಚ್ಚು ತಪ್ಪಾಗುವುದು ಸೇ ಮತ್ತು ಟೆಲ್‌ನಲ್ಲಿ. ಎರಡಕ್ಕೂ ‘ಹೇಳು’ ಅಂತ ಬರೆದುಕೊಳ್ಳುವುದರಿಂದ ‘ಹಿ ಸೆಡ್ ಮಿ’ ಹುಟ್ಟುತ್ತದೆ. ಸೇಗೆ ‘ಅನ್ನು’, ಟೆಲ್‌ಗೆ ‘ಒಬ್ಬರಿಗೆ ಹೇಳು’ ಅಂತ ಬರೆಸಿ. ‘ಬರ್ತೀನಿ ಅಂದ’ ಅಂದರೆ ‘ಹಿ ಸೆಡ್ ಹಿ ವುಡ್ ಕಮ್’. ಕೇಳಿಸಿಕೊಂಡವರು ಯಾರು ಅನ್ನುವುದು ಬೇಕಿಲ್ಲ. ‘ಬರ್ತೀನಿ ಅಂತ ನನಗೆ ಹೇಳಿದ’ ಅಂದರೆ ‘ಹಿ ಟೋಲ್ಡ್ ಮಿ ಹಿ ವುಡ್ ಕಮ್’. ಟೆಲ್ ಬಂದ ತಕ್ಷಣ ಕೇಳುಗ ಬರಬೇಕು, ಬರೀ ‘ಹಿ ಟೋಲ್ಡ್ ದಟ್’ ನಿಲ್ಲುವುದಿಲ್ಲ. ಇಲ್ಲಿ ಮಾತ್ರ ‘ನನಗೆ’ಯ ‘ಗೆ’ಯನ್ನು ‘ಟು’ ಮಾಡಬಾರದು. ‘ಟೋಲ್ಡ್ ಟು ಮಿ’ ತಪ್ಪು, ‘ಸೆಡ್ ಟು ಮಿ’ ಸರಿ. ಕಥೆ, ಸುಳ್ಳು, ನಿಜ ಹೇಳುವಾಗ ಕೇಳುಗ ಇಲ್ಲದೆಯೂ ಟೆಲ್ ನಡೆಯುತ್ತದೆ: ಟೆಲ್ ಎ ಸ್ಟೋರಿ, ಟೆಲ್ ದ ಟ್ರುತ್. ಟೆಲ್‌ನ ಹಳೆಯ ಅರ್ಥ ‘ಎಣಿಸು’. ಬ್ಯಾಂಕಿನಲ್ಲಿ ಹಣ ಎಣಿಸಿ ಕೊಡುವವರನ್ನು ಟೆಲ್ಲರ್ ಅನ್ನುವುದು ಅದರಿಂದಲೇ.

ಟೆಲ್ ಕಲಿತವರು ಮುಂದೆ ಎಡವುವುದು ಎಕ್ಸ್‌ಪ್ಲೇನ್‌ನಲ್ಲಿ. ‘ಟೆಲ್ ಮಿ’ ಸರಿಯಾದರೆ ‘ಎಕ್ಸ್‌ಪ್ಲೇನ್ ಮಿ’ ಯಾಕೆ ತಪ್ಪು? ಗಿವ್, ಶೋ, ಸೆಂಡ್, ಟೆಲ್‌ನಂಥ ಇಂಗ್ಲಿಷಿನ ಸ್ವಂತ ಪುಟ್ಟ ಪದಗಳು ವ್ಯಕ್ತಿಯನ್ನು ನೇರವಾಗಿ ಪಕ್ಕಕ್ಕೆ ಕೂರಿಸಿಕೊಳ್ಳುತ್ತವೆ. ಲ್ಯಾಟಿನ್ ಮೂಲದ ಎಕ್ಸ್‌ಪ್ಲೇನ್, ಡಿಸ್ಕ್ರೈಬ್, ಸಜೆಸ್ಟ್, ಅನೌನ್ಸ್‌ಗಳಿಗೆ ‘ಟು’ ಬೇಕು. ಡಿಸ್ಕಸ್‌ನದು ಬೇರೆಯೇ ರೋಗ. ‘ಬಗ್ಗೆ ಚರ್ಚಿಸು’ವಿನ ‘ಬಗ್ಗೆ’ ‘ಅಬೌಟ್’ ಆಗಿ ಅಂಟಿಕೊಳ್ಳುತ್ತದೆ. ‘ವಿಷಯವನ್ನು ಚರ್ಚಿಸು’ ಅಂತ ಬರೆದುಕೊಂಡರೆ ಅದು ಉದುರುತ್ತದೆ.

ಇಂಗ್ಲಿಷರೇ ತಡವರಿಸುವ ಲೈ ಮತ್ತು ಲೇ ನಮಗೆ ಸುಲಭವಾಗಬೇಕು, ಏಕೆಂದರೆ ನಮ್ಮಲ್ಲಿ ‘ಇಸು’ ಇದೆ. ಮಲಗು ಲೈ, ಮಲಗಿಸು ಲೇ. ಬೆಲೆ ಏರಿದರೆ ರೈಸ್, ಏರಿಸಿದರೆ ರೇಯ್ಸ್. ಕಲಿ ಲರ್ನ್, ಕಲಿಸು ಟೀಚ್. ‘ಇಸು’ ಹಚ್ಚಬೇಕಾದ ಕಡೆ ಎರಡನೆಯದು. ಬಾಯಿಪಾಠ ಮಾಡಬೇಕಾದದ್ದು ಭೂತಕಾಲ ಮಾತ್ರ: ಲೈ, ಲೇ, ಲೇನ್ ಒಂದು ಸಾಲು, ಲೇ, ಲೇಯ್ಡ್, ಲೇಯ್ಡ್ ಇನ್ನೊಂದು. ಮೊದಲ ಸಾಲಿನ ಭೂತಕಾಲವೇ ಎರಡನೆಯದರ ಮೂಲರೂಪವಾಗಿರುವುದು ಗೊಂದಲದ ಬೇರು.

ಬಾರೋ, ಲೆಂಡ್‌ಗೆ ಬರೀ ‘ಸಾಲ’ ಅಂತ ಬರೆಸಿದರೆ ‘ಬಾರೋ ಮಿ ಯುವರ್ ಪೆನ್’ ಬರುವುದು ಖಂಡಿತ. ಕಡ ತಗೊಳ್ಳುವುದು ಬಾರೋ, ಕಡ ಕೊಡುವುದು ಲೆಂಡ್. ಮನೆಯ ವಿಷಯದಲ್ಲಿ ರೆಂಟ್ ಎರಡೂ ಕಡೆಯವರಿಗೆ ನಡೆಯುತ್ತದೆ. ಲೆಟ್ ಕೊಡುವವರ ಮಾತು ಮಾತ್ರ, ಆದ್ದರಿಂದಲೇ ಬೆಂಗಳೂರಿನ ಗೇಟುಗಳ ಮೇಲೆ ಮಾಲೀಕರು ತೂಗುಹಾಕುವ ಬೋರ್ಡಿನಲ್ಲಿ ‘ಟು ಲೆಟ್’ ಅಂತ ಇರುತ್ತದೆ.