ಹದಿನಾಲ್ಕು ಅಡಿಯ ಹಠ

ಇದನ್ನು ಬರೆದು ಹೊರಹಾಕದಿದ್ದರೆ ಇವತ್ತು ರಾತ್ರಿ ನಿದ್ದೆ ಬರುವುದಿಲ್ಲ. ಕಾರಟಗಿಯಿಂದ ಒಳದಾರಿ ಹಿಡಿದು ಹೋಗುತ್ತಿದ್ದೆ. ಕಾಲುವೆಯ ಸೇತುವೆಯ ಮೇಲೆ ಭತ್ತ ಕಟಾವಿನ ದೊಡ್ಡ ಟೈರ್ ಮಷಿನ್ ನಿಂತಿದೆ, ಎದುರಿಗೆ ಬಸ್ಸು. ಮಷಿನ್ನಿನ ಹಿಂದೆ ಎರಡು ಟ್ರ್ಯಾಕ್ಟರ್, ಒಂದು ಶಾಲಾ ವ್ಯಾನ್, ಮದುವೆಗೆ ಹೊರಟವರ ಟೆಂಪೊ, ಕೊನೆಯಲ್ಲಿ ನಾನು ಮತ್ತು ನನ್ನ ಸ್ಕೂಟರ್. ಬಸ್ಸು ಹಿಂದಕ್ಕೆ ಸರಿಯುವಂತಿಲ್ಲ, ಅದರ ಬೆನ್ನಿಗೂ ವಾಹನಗಳಿವೆ. ಮಷಿನ್ ಹಿಂದಕ್ಕೆ ಬರುವಂತಿಲ್ಲ, ಬಂದರೆ ನಾವೆಲ್ಲ ಕಾಲುವೆಗೆ.

ಎಲ್ಲರೂ ಸೇರಿ ಬೈದದ್ದು ಯಾರನ್ನು? ಚಾಲಕನನ್ನು. ಪಂಜಾಬಿನಿಂದ ಬಂದ ಹುಡುಗ, ಮೀಸೆ ಈಗಷ್ಟೇ ಚಿಗುರುತ್ತಿದೆ. ಕನ್ನಡ ತಿಳಿಯದಿದ್ದರೂ ಬೈಗುಳ ತಿಳಿಯಿತು ಎಂದು ಮುಖವೇ ಹೇಳುತ್ತಿತ್ತು. ಅವನು ಕಟರ್ ಬಾರನ್ನು, ಅಂದರೆ ಯಂತ್ರದ ಮುಂದೆ ಅಡ್ಡಲಾಗಿರುವ ಪೈರು ಕೊಯ್ಯುವ ಭಾಗವನ್ನು, ಸೇತುವೆಯ ಮೋಟು ಗೋಡೆಗಿಂತ ಮೇಲಕ್ಕೆ ಎತ್ತಿ, ಎರಡೂ ತುದಿಗಳನ್ನು ಗೋಡೆಯಿಂದಾಚೆಗೆ ಗಾಳಿಯಲ್ಲಿ ಚಾಚಿಕೊಂಡು, ಅಂಗುಲ ಅಂಗುಲವಾಗಿ ಮುಂದೆ ಸರಿಸಿ ದಾಟಿಸಿದ. ಈ ಯಂತ್ರ ತಿರುಗುವುದು ಹಿಂದಿನ ಚಕ್ರಗಳಿಂದ. ಮುಂದೆ ಎಡಕ್ಕೆ ಹೊರಳಿದರೆ ಹಿಂಭಾಗ ಬಲಕ್ಕೆ ಬೀಸುತ್ತದೆ. ಮುಂದೆ 14 ಅಡಿಯ ಬ್ಲೇಡು, ಹಿಂದೆ ಬೀಸುವ ಬಾಲ, ನಡುವೆ ಏನೂ ಕಾಣದ ಹುಡುಗ. ಅವನ ಕೈಚಳಕಕ್ಕೆ ಕೈ ಮುಗಿಯಬೇಕಿತ್ತು. ನಮ್ಮ ಜನ ಕಲ್ಲು ಹುಡುಕುತ್ತಿದ್ದರು.

ನನ್ನ ಹಳೆಯ ಸ್ನೇಹಿತರಿಗೆ ಇಲ್ಲಿಗೇ ಗೊತ್ತಾಗಿರುತ್ತದೆ: ಬಂತು ಇವಳ ಕಟರ್ ಬಾರ್ ಪುರಾಣ. ಹೌದು, ಬಂತು. ಬೇಸರವಾದವರು ಮುಂದಕ್ಕೆ ಉರುಳಿಸಿಕೊಂಡು ಹೋಗಬಹುದು, ಕೆಳಗೆ ಯಾರದಾದರೂ ಗೃಹಪ್ರವೇಶದ ಫೋಟೊ ಇರುತ್ತದೆ.

ಸಿಟ್ಟು ಬಿಟ್ಟು ಒಮ್ಮೆ ಲೆಕ್ಕ ಹಾಕಿ. 14 ಅಡಿ ಎಂದರೆ 4.27 ಮೀಟರ್. ಪ್ರಧಾನ ಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ಮಾಡುವ ಹಳ್ಳಿಯ ರಸ್ತೆಯ ಡಾಂಬರು ಸಾಮಾನ್ಯವಾಗಿ 3.75 ಮೀಟರ್, ಓಡಾಟ ಕಡಿಮೆ ಇರುವಲ್ಲಿ 3 ಮೀಟರ್. ಅಂದರೆ ಎದುರಿಗೆ ಒಂದು ನರಪಿಳ್ಳೆ ಬರದಿದ್ದರೂ ಈ ಯಂತ್ರ ರಸ್ತೆಯೊಳಗೆ ಹಿಡಿಸುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು ಸಾಮಾನ್ಯ ವಾಹನಕ್ಕೆ 2.6 ಮೀಟರ್ ಅಗಲದ ಮಿತಿ ಹಾಕಿವೆ. ಬಸ್ಸು, ಲಾರಿ ಎಲ್ಲ ಅದರೊಳಗೇ ಹುಟ್ಟುತ್ತವೆ. ಇದೊಂದು ಮಾತ್ರ ಗದ್ದೆಯನ್ನು ನೋಡಿ ಹುಟ್ಟಿ, ರಸ್ತೆಯನ್ನು ನೋಡಿ ಬೆಚ್ಚುತ್ತದೆ.

ನನ್ನ ತಕರಾರು ಇಷ್ಟೇ. ಈ ಯಂತ್ರವನ್ನು ರಚಿಸಿದವರು ಅದು ಗದ್ದೆಯಲ್ಲಿ ಏನು ಮಾಡುತ್ತದೆ ಎಂದು ಯೋಚಿಸಿದರು, ಗದ್ದೆಗೆ ಹೇಗೆ ಹೋಗುತ್ತದೆ ಎಂದು ಯೋಚಿಸಲಿಲ್ಲ. ನಮ್ಮ ತುಂಗಭದ್ರಾ ಎಡದಂಡೆಯಲ್ಲಿ ಬಾಡಿಗೆ ಮಷಿನ್ ಒಬ್ಬ ರೈತನ ಎರಡೆಕರೆ ಮುಗಿಸಿ, ಮುಂದಿನ ಊರಿನ ಮೂರೆಕರೆಗೆ ಓಡಬೇಕು. ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ಎಲ್ಲ ಕಡೆ ಭತ್ತ ಬಲಿಯುವುದು ಹೆಚ್ಚು ಕಡಿಮೆ ಒಂದೇ ಸಮಯಕ್ಕೆ. ಅದಕ್ಕೂ ಮುಂಚೆ ಅದು ಪಂಜಾಬಿನಿಂದಲೋ ತಮಿಳುನಾಡಿನಿಂದಲೋ ಇಲ್ಲಿಯವರೆಗೆ ಬಂದಿರುತ್ತದೆ. ಇಷ್ಟೊಂದು ಅಲೆಯುವ ಯಂತ್ರ ನಮ್ಮಲ್ಲಿ ಇನ್ನೊಂದಿಲ್ಲ. ಸರ್ಕಾರಕ್ಕೂ ಇದು ಗೊತ್ತಿದೆ. 2020ರ ಮಾರ್ಚ್‌ನಲ್ಲಿ ಇಡೀ ದೇಶಕ್ಕೆ ಬೀಗ ಬಿದ್ದಾಗ, ಕೆಲವೇ ದಿನಗಳಲ್ಲಿ ಗೃಹ ಸಚಿವಾಲಯ ಆದೇಶ ತಿದ್ದಿ, ಕಟಾವು ಯಂತ್ರಗಳು ರಾಜ್ಯದಿಂದ ರಾಜ್ಯಕ್ಕೆ ಹೋಗಬಹುದು ಎಂದು ಬಿಡಿಸಿ ಹೇಳಿತು. ಮನುಷ್ಯರು ಮನೆಯೊಳಗೆ, ಹಾರ್ವೆಸ್ಟರ್ ಹೆದ್ದಾರಿಯ ಮೇಲೆ. ಅಲೆಮಾರಿ ಎಂದು ಒಪ್ಪಿದ ಮೇಲೆ ಅದರ ರೆಕ್ಕೆ ಮಡಚುವ ಯೋಚನೆ ಯಾಕೆ ಬರುವುದಿಲ್ಲ?

ಮಡಚುವುದು ಈ ಯಂತ್ರಕ್ಕೆ ಹೊಸದೂ ಅಲ್ಲ. ಅದರ ಮೇಲೆ ಕಾಳು ಸುರಿಯುವ ಉದ್ದ ಕೊಳವೆ ಇದೆಯಲ್ಲ, ಟ್ರ್ಯಾಕ್ಟರ್ ಟ್ರಾಲಿಗೆ ಭತ್ತ ತುಂಬುವಾಗ ಚಾಚಿಕೊಳ್ಳುವುದು? ರಸ್ತೆಗಿಳಿಯುವಾಗ ಅದು ಮೈಗೆ ಅಂಟಿಕೊಂಡು ಕೂರುತ್ತದೆ. ಬೆಳಗಾವಿ, ಮಂಡ್ಯದ ಕಬ್ಬು ಕಟಾವಿನ ಯಂತ್ರದಲ್ಲಿ ಕಬ್ಬಿನ ತುಂಡುಗಳನ್ನು ಮೇಲಕ್ಕೊಯ್ಯುವ ಎಲಿವೇಟರ್ ಕೂಡ ಮಡಚಿಕೊಳ್ಳುತ್ತದೆ. ಅತಿ ಅಗಲವಾದ, ಅತಿ ಹರಿತವಾದ, ಅತಿ ಮುಂದಿರುವ ಭಾಗ ಮಾತ್ರ ದೊರೆಯಂತೆ ಕೈಕಾಲು ಚಾಚಿಕೊಂಡೇ ಸವಾರಿ ಹೊರಡಬೇಕು.

ಹರಿತ ಎಂದೆ. ಮೋಟು ಗೋಡೆ, ಮೈಲಿಗಲ್ಲು ದಾಟಿಸಲು ಕಟರ್ ಬಾರನ್ನು ಎತ್ತಿ ಹಿಡಿದಾಗ ಅದರ ಮೊನೆಗಳು ಎಲ್ಲಿಗೆ ಬರುತ್ತವೆ ಎಂದು ನೋಡಿದ್ದೀರಾ? ಬೈಕ್ ಸವಾರನ ಎದೆ ಅಥವಾ ಕುತ್ತಿಗೆಯ ಎತ್ತರಕ್ಕೆ. ರಾತ್ರಿ ಹೊತ್ತು ಎಷ್ಟೋ ಮಷಿನ್‌ಗಳಲ್ಲಿ ನಡುವೆ ದೀಪ ಉರಿಯುತ್ತದೆ, ತುದಿಗಳಲ್ಲಿ ಕತ್ತಲೆ. ಎದುರಿನಿಂದ ಬರುವವನಿಗೆ ಅದೊಂದು ಟ್ರ್ಯಾಕ್ಟರ್. ಪಕ್ಕದಲ್ಲಿ ಜಾಗವಿದೆ ಎಂದುಕೊಂಡು ನುಗ್ಗುತ್ತಾನೆ.

ಈಗ ಬುದ್ಧಿವಂತರು ಹೇಳುತ್ತಾರೆ: ಅದಕ್ಕೆ ಟ್ರಾಲಿ ಇದೆಯಲ್ಲ, ಕಟರ್ ಬಾರ್ ಕಳಚಿ, ಟ್ರಾಲಿಯ ಮೇಲೆ ಉದ್ದುದ್ದ ಇಟ್ಟು, ಹಿಂದೆ ಕಟ್ಟಿಕೊಂಡು ಎಳೆಯಬಹುದು. ಇದೆ ಸ್ವಾಮಿ, ಇದೆ. ಪಂಜಾಬಿನಿಂದ ಹೊರಡುವಾಗ ಹಾಗೆಯೇ ಬರುತ್ತಾರೆ. ಇಲ್ಲಿ ದಿನಕ್ಕೆ ಹಲವು ಗದ್ದೆ ಬದಲಿಸುವಾಗ, ಪ್ರತಿ ಸಲ ಪಿನ್ನು ಬಡಿದು ತೆಗೆಯಬೇಕು, ಶಾಫ್ಟ್ ಬಿಡಿಸಬೇಕು, ಎಣ್ಣೆಯ ಪೈಪು ಕಳಚಬೇಕು, ಟ್ರಾಲಿ ನಿಲ್ಲಿಸಲು ಸಮತಟ್ಟಾದ ಜಾಗ ಹುಡುಕಬೇಕು, ಆಮೇಲೆ ಎಲ್ಲವನ್ನೂ ಮತ್ತೆ ಜೋಡಿಸಬೇಕು. ಅಷ್ಟರಲ್ಲಿ ಗದ್ದೆಯ ಯಜಮಾನ ಫೋನಿನಲ್ಲಿ ಕೂಗಾಡುತ್ತಿರುತ್ತಾನೆ, ಪಶ್ಚಿಮದಲ್ಲಿ ಮೋಡ ಕಟ್ಟಿರುತ್ತದೆ, ಬಾಡಿಗೆ ಗಂಟೆಯ ಲೆಕ್ಕದಲ್ಲಿ ಓಡುತ್ತಿರುತ್ತದೆ. ಈ ಸಲಹೆ ಕೊಡುವವರು ಒಂದು ದಿನ ಸ್ಪ್ಯಾನರ್ ಹಿಡಿದು ಬರಲಿ, ಮಧ್ಯಾಹ್ನದ ಊಟ ನಮ್ಮ ಮನೆಯಲ್ಲಿ.

ಟೈರಿನ ಬದಲು ಪಟ್ಟಿಯ ಮೇಲೆ ಓಡುವ ಚೈನ್ ಮಷಿನ್ ತೆಗೆದುಕೊಳ್ಳಿ ಎನ್ನುವವರೂ ಇದ್ದಾರೆ. ಅದರ ಕಟಾವಿನ ಅಗಲ ಸುಮಾರು 2 ಮೀಟರ್, ಲಾರಿಯ ಮೇಲೆ ಹತ್ತಿಸಿಕೊಂಡು ಹೋಗಬಹುದು. ಕೆಸರು ಗದ್ದೆಗೆ ಅದೇ ಸರಿ. ಒಣಗಿದ ದೊಡ್ಡ ಗದ್ದೆಯಲ್ಲಿ ಅದು ಕೊಯ್ಯುವಷ್ಟರಲ್ಲಿ ಟೈರ್ ಮಷಿನ್ ಪಕ್ಕದ ಗದ್ದೆಯನ್ನೂ ಮುಗಿಸಿರುತ್ತದೆ. ಮೇಲಾಗಿ ಲಾರಿ ಬಾಡಿಗೆ ಬೇರೆ.

ಹಾಗಾದರೆ ಮಡಚುವ ಕಟರ್ ಬಾರ್ ಆಗದ ಮಾತೇ? ಜರ್ಮನಿಯಲ್ಲಿ ಎಂದೋ ಆಗಿದೆ. ಅಲ್ಲಿ ಕೃಷಿ ಯಂತ್ರ 3 ಮೀಟರ್‌ಗಿಂತ ಅಗಲವಾದರೆ ರಸ್ತೆಗಿಳಿಯಲು ವಿಶೇಷ ಅನುಮತಿ ಬೇಕು. ಹಾಗಾಗಿ ಕ್ಲಾಸ್, ಗೇರಿಂಗ್‌ಹಾಫ್, ಕೆಂಪರ್ ಕಂಪನಿಗಳ ಮೆಕ್ಕೆಜೋಳದ ಹೆಡರ್‌ಗಳಲ್ಲಿ, ಅಂದರೆ ಯಂತ್ರದ ಮುಂದಿನ ಕೊಯ್ಯುವ ಭಾಗಗಳಲ್ಲಿ, ಮಡಚುವವು ಬಂದಿವೆ. ಧಾನ್ಯದ ಬೆಳೆಗೂ ಕ್ಲಾಸ್ ಕಂಪನಿ 4.5 ಮೀಟರ್ ಮತ್ತು 5.4 ಮೀಟರ್‌ನ ಮಡಚುವ ಕಟರ್ ಬಾರ್ ಮಾಡಿದೆ. ಚಾಲಕ ಕೂತಲ್ಲಿಂದ ಎದ್ದೇಳದೆ ಗುಂಡಿ ಒತ್ತಿ ಮಡಚುತ್ತಾನೆ. ಜರ್ಮನಿಯ ಎಂಜಿನಿಯರುಗಳಿಗೆ ನಮಗಿಂತ ಒಂದು ಮಿದುಳು ಹೆಚ್ಚಿಲ್ಲ. ಕಾನೂನು ಅಡ್ಡ ನಿಂತಿತು, ಅವರು ಕಬ್ಬಿಣಕ್ಕೆ ಕೀಲು ಹಾಕಿದರು.

ಕಷ್ಟವಿಲ್ಲ ಎಂದು ನಾನು ಹೇಳುತ್ತಿಲ್ಲ. ಇದು ನನ್ನ ಅನ್ನದ ಕಸುಬು, ಕಷ್ಟ ಎಲ್ಲಿದೆ ಎಂದು ಬಲ್ಲೆ. ಕಟರ್ ಬಾರ್ ಒಂದು ತಗಡಿನ ಹಲಗೆಯಲ್ಲ. ಮುಂದೆ ಅತ್ತಿತ್ತ ಓಡುವ ಬ್ಲೇಡಿನ ಪಟ್ಟಿ, ಮೇಲೆ ಪೈರನ್ನು ಒಳಕ್ಕೆ ಬಾಗಿಸುವ ರೀಲು, ಹಿಂದೆ ಎರಡೂ ಬದಿಯಿಂದ ಪೈರನ್ನು ನಡುವಿಗೆ ನೂಕುವ ಸ್ಕ್ರೂ. ಮೂರನ್ನೂ ತುಂಡರಿಸಬೇಕು, ಬಿಚ್ಚಿದಾಗ ಮೂರೂ ಒಂದೇ ಜೀವದಂತೆ ಓಡಬೇಕು. ಸರಿಯಾಗಿ ನಡುವೆ ಕೀಲು ಹಾಕೋಣವೆಂದರೆ ಅಲ್ಲಿಯೇ ಪೈರು ಒಳನುಗ್ಗುವ ಬಾಯಿ, ಅಲ್ಲಿಯೇ ಸ್ಕ್ರೂವಿನ ಒಳಹೊರಗೆ ಆಡುವ ಬೆರಳುಗಳು. ಆದ್ದರಿಂದ ನಡುವನ್ನು ಮುಟ್ಟಬಾರದು. ನಡುವೆ 8 ಅಡಿ ಗಟ್ಟಿಯಾಗಿ ಉಳಿಯಲಿ, ಎರಡೂ ಕಡೆ ಮೂರು ಮೂರು ಅಡಿಯ ರೆಕ್ಕೆಗಳು ಮೇಲಕ್ಕೆ ಏಳಲಿ. 8 ಅಡಿ ಎಂದರೆ 2.44 ಮೀಟರ್. ಆಮೇಲೆ ಅಗಲವನ್ನು ನಿರ್ಧರಿಸುವುದು ಕಟರ್ ಬಾರ್ ಅಲ್ಲ, ಯಂತ್ರದ ಮೈ ಮತ್ತು ಮುಂದಿನ ಟೈರುಗಳು. ನಡುಭಾಗ ತಗ್ಗಿನಲ್ಲೇ ಇರುವುದರಿಂದ ಚಾಲಕನಿಗೆ ಎದುರಿನ ದಾರಿಯೂ ಕಾಣುತ್ತದೆ.

ಸ್ಕ್ರೂವಿನ ತುಂಡುಗಳು ಹಲ್ಲಿಗೆ ಹಲ್ಲು ಕೂಡಿಕೊಳ್ಳುವ ಕ್ಲಚ್ಚಿನಿಂದ ಸೇರಬಹುದು. ರೆಕ್ಕೆಗಳ ಬ್ಲೇಡಿಗೆ ಹೊರತುದಿಯಿಂದ ಪ್ರತ್ಯೇಕ ಹೈಡ್ರಾಲಿಕ್ ಮೋಟಾರು ಕೊಡಬಹುದು. ನಿಜವಾದ ಶತ್ರು ಭತ್ತವೇ. ಅದರ ಹುಲ್ಲಿನಲ್ಲಿರುವ ಸಿಲಿಕಾ ಕಬ್ಬಿಣವನ್ನು ಅರದಂತೆ ಸವೆಸುತ್ತದೆ. ಒದ್ದೆ ಹುಲ್ಲು, ಕೆಸರು, ದೂಳು ಎಲ್ಲ ಸೇರಿ ಕೀಲಿನ ಸಂದಿಯಲ್ಲಿ ಮನೆ ಮಾಡುತ್ತವೆ. ಕೀಲು ಸ್ವಲ್ಪ ಸಡಿಲವಾದರೂ ರೆಕ್ಕೆ ಜೋತು ಬೀಳುತ್ತದೆ. ನಿಂತ ಪೈರಿಗೆ ಅದು ಲೆಕ್ಕಕ್ಕಿಲ್ಲ, ಮಳೆಗಾಳಿಗೆ ಒರಗಿದ ಸೋನಾ ಮಸೂರಿಯನ್ನು ನೆಲಕ್ಕೆ ಹತ್ತಿ ಕೊಯ್ಯುವಾಗ ಜೋತ ತುದಿ ಬದುವಿಗೆ ಕಚ್ಚುತ್ತದೆ. ಮುಂಭಾಗದ ತೂಕವೂ ಹೆಚ್ಚುತ್ತದೆ. ಬೆಲೆಯೂ ಏರುತ್ತದೆ.

‘ಇದನ್ನು ಯಾರು ಕೊಳ್ಳುತ್ತಾರಮ್ಮ?’

ಈ ಮಾತು ನನ್ನದಲ್ಲ. ಕಾಲೇಜಿನ ಕೊನೆಯ ವರ್ಷ ಮಡಚುವ ಕಟರ್ ಬಾರಿನ ನಕ್ಷೆ ಹರಡಿ ನಿಂತಿದ್ದಾಗ ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು. ಕೇಳಿ, ಉತ್ತರಕ್ಕೆ ಕಾಯದೆ, ಚಹಾಕ್ಕೆ ಎದ್ದು ಹೋದರು. ಅಂಕ ಮಾತ್ರ ಧಾರಾಳವಾಗಿ ಕೊಟ್ಟಿದ್ದರು, ಅದು ಇನ್ನೂ ಹೆಚ್ಚು ಉರಿಯುತ್ತದೆ. ಆದ್ದರಿಂದ ತಿಳಿದಿರಲಿ, ಈ ವಿಷಯದಲ್ಲಿ ನಾನು ತಟಸ್ಥಳಲ್ಲ. ಆ ನಕ್ಷೆಯ ಸುರುಳಿ ಈಗಲೂ ಬೀರುವಿನ ಮೇಲಿದೆ. ಮನೆ ಬದಲಿಸುವಾಗಲೆಲ್ಲ ಅಮ್ಮ ಅದನ್ನು ಹಳೆಯ ಪೇಪರಿನವನಿಗೆ ಕೊಡಲು ನೋಡಿದ್ದಾರೆ.

ಪರೀಕ್ಷಕರ ಪ್ರಶ್ನೆಯಲ್ಲಿ ಹುರುಳಿಲ್ಲ ಎಂದಲ್ಲ. ಮಷಿನ್ ಮಾಲೀಕ ಯಾಕೆ ಹೆಚ್ಚು ದುಡ್ಡು ಕೊಟ್ಟು ಕೀಲು ಕೊಳ್ಳಬೇಕು? ಸೇತುವೆಯ ಮೇಲೆ ಬಸ್ಸು ನಿಂತರೆ ಅವನ ಜೇಬಿನಿಂದ ಏನೂ ಹೋಗುವುದಿಲ್ಲ. ಹೋಗುವುದು ಬಸ್ಸಿನಲ್ಲಿದ್ದವರದು, ಶಾಲೆಯ ಮಕ್ಕಳದು, ಚರಂಡಿಗೆ ಇಳಿದ ಬೈಕಿನವನದು. ನಷ್ಟ ಅನುಭವಿಸುವವನು ಖರೀದಿಗೆ ಹೋಗುವುದಿಲ್ಲ, ಖರೀದಿಗೆ ಹೋಗುವವನಿಗೆ ನಷ್ಟವಿಲ್ಲ. ಪೇಟೆಗೆ ಬಿಟ್ಟರೆ ಇನ್ನೂ ಮೂವತ್ತು ವರ್ಷ ಇದೇ 14 ಅಡಿ ಇದೇ ಸೇತುವೆಯ ಮೇಲೆ ನಿಲ್ಲುತ್ತದೆ.

ಆದರೆ ಈ ಪೇಟೆಯಲ್ಲಿ ಸರ್ಕಾರವೂ ಇದೆಯಲ್ಲ! ಕೃಷಿ ಯಾಂತ್ರೀಕರಣದ ಉಪ ಅಭಿಯಾನದಲ್ಲಿ 2014–15ರಿಂದ ಸಹಾಯಧನ ಕೊಡುತ್ತಿರುವುದು ಯಾರು? ನಮ್ಮಲ್ಲಿ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳನ್ನು ತೆರೆದದ್ದು ಯಾರು? 2023ರ ರಾಜ್ಯ ಬಜೆಟ್‌ನಲ್ಲಿ ಹೈಟೆಕ್ ಹಾರ್ವೆಸ್ಟರ್ ಹಬ್ ಎಂದು ಘೋಷಿಸಿದ್ದು ಯಾರು? ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಪರೀಕ್ಷಾ ಸಂಸ್ಥೆಯೇ ಇದೆ. ಕಟಾವು ಯಂತ್ರವನ್ನು ಓಡಿಸಿ, ಎಷ್ಟು ಕಾಳು ಉದುರಿತು, ಎಷ್ಟು ಕಾಳು ಒಡೆಯಿತು ಎಂದು ಶೇಕಡಾವಾರು ಬರೆಯುತ್ತಾರೆ. ಬರೆಯಲಿ, ಅದು ಬೇಕು. ಒಂದು ಕಾಳು ಉದುರಿದ್ದು ವರದಿಯಲ್ಲಿ ಬರುತ್ತದೆ, ಒಬ್ಬ ಮನುಷ್ಯ ಚರಂಡಿಗೆ ಉರುಳಿದ್ದಕ್ಕೆ ಕಾಲಂ ಇಲ್ಲ. ಸಹಾಯಧನದ ಅರ್ಜಿಯಲ್ಲಿ ಒಂದೇ ಒಂದು ಸಾಲು ಸೇರಿಸಿ ನೋಡೋಣ: ಚಾಲಕ ಕೆಳಗಿಳಿಯದೆ ಮಡಚಬೇಕು, ಮಡಚಿದ ಮೇಲೆ ಅಗಲ 3 ಮೀಟರ್ ಮೀರಬಾರದು. ಹಣ ನಮ್ಮದೇ ತೆರಿಗೆಯದು, ಷರತ್ತು ಹಾಕಲು ನಾಚಿಕೆ ಯಾಕೆ? ಪಂಜಾಬಿನ ನಾಭಾ, ಭಾದ್ಸೋಂ ಕಡೆಯ ಕಾರ್ಖಾನೆಗಳಲ್ಲಿ ಹುಟ್ಟುವ ಕಟಾವು ಯಂತ್ರಗಳನ್ನು ನೋಡಿದವರಿಗೆ ಅಲ್ಲಿನ ಫಿಟ್ಟರುಗಳ ಕೈ ಎಂಥದ್ದು ಎಂದು ಗೊತ್ತು. ಅವರಿಗೆ ಕೀಲು ಕೂರಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ ನಾನು ನಂಬುವುದಿಲ್ಲ.

ರಸ್ತೆ ಅಗಲ ಮಾಡಿ ಎಂದು ಬಸ್ಸಿನಿಂದ ಇಳಿದ ಹಿರಿಯರೊಬ್ಬರು ಭಾಷಣ ಮಾಡಿದರು. ಮಾಡಬಹುದು ಯಜಮಾನರೇ. ಅಗಲ ಮಾಡಿದ ಮಾರನೆಯ ದಿನವೇ ನಾವು ಅದರ ಅರ್ಧದ ಮೇಲೆ ಭತ್ತ ಒಣಗಲು ಹರಡಿ, ಅಂಚಿಗೆ ಸಾಲಾಗಿ ಕಲ್ಲು ಇಟ್ಟುಬಿಡುತ್ತೇವೆ. ಕೊಯ್ಯುವ ಮಷಿನ್ನಿಗೂ ಅದೇ ರಸ್ತೆ, ಕೊಯ್ದ ಭತ್ತಕ್ಕೂ ಅದೇ ರಸ್ತೆ. (ನಮ್ಮ ಮನೆಯ ಭತ್ತವೂ ಅಲ್ಲಿಯೇ ಒಣಗುತ್ತದೆ. ಕಾಮೆಂಟಿನಲ್ಲಿ ಇದನ್ನು ಎತ್ತಲು ಕಾಯುತ್ತಿರುವ ನನ್ನ ತಮ್ಮನಿಗೆ ಮುಂಚಿತವಾಗಿಯೇ ಉತ್ತರ: ಆಮೇಲೆ ಆ ರಾಶಿ ಬಳಿಯಲು ಬರದವನು ನೀನೇ.)

ಸರಿ, ಬರಿ ಬೈದು ಕೂರುವ ಜಾತಿ ನನ್ನದಲ್ಲ. ಗಂಗಾವತಿ ಅಥವಾ ಸಿಂಧನೂರು ಕಡೆ ಯಾರ ಶೆಡ್ಡಿನಲ್ಲಾದರೂ ತುದಿ ಬಾಗಿ ಮೂಲೆಗೆ ಬಿದ್ದ 14 ಅಡಿಯ ಹಳೆಯ ಕಟರ್ ಬಾರ್ ಇದ್ದರೆ ತಿಳಿಸಿ. ರೀಲು ಇಲ್ಲದಿದ್ದರೂ ನಡೆಯುತ್ತದೆ, ಸ್ಕ್ರೂ ಮಾತ್ರ ನೆಟ್ಟಗಿರಬೇಕು. ಗುಜರಿ ತೂಕದ ಬೆಲೆ ಕೊಡುತ್ತೇನೆ, ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಬೇಡಿ. ಸಾಗಿಸುವ ಚಿಂತೆ ನಿಮಗೆ ಬೇಡ. ನನ್ನ ಜೊತೆ ಗ್ಯಾಸ್ ಕಟರ್ ಹಿಡಿದು ಬರುವ ವೆಲ್ಡರ್ ಇದ್ದಾರೆ, ಅಲ್ಲಿಯೇ ಮೂರು ತುಂಡು ಮಾಡಿಸಿಕೊಂಡು ಒಯ್ಯುತ್ತೇನೆ.