ಕುಬೆಲಿಕ್ ಸರಿ, ಆದರೆ ಆಂಚೆರ್ಲ್?

ಚೆಕ್ ಸಂಗೀತ ರಚನಕಾರ ಸ್ಮೆತಾನಾರ ವಾದ್ಯವೃಂದ ಕೃತಿಮಾಲೆ ‘ಮಾ ವ್ಲಾಸ್ತ್’ನ (‘ನನ್ನ ತಾಯ್ನಾಡು’), ಚೆಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿದ ಧ್ವನಿಮುದ್ರಣಗಳಲ್ಲಿ ನಿರ್ದೇಶಕ (ಕಂಡಕ್ಟರ್) ಕುಬೆಲಿಕ್ ಅವರ 1990ರ ಕಛೇರಿಯದೇ ಕೊನೆಯ ಮಾತು ಎಂದು ಲೇಖನವೊಂದು ತೀರ್ಮಾನಿಸಿದೆ; ಅದನ್ನು ನಾನು ಒಪ್ಪಲಾರೆ. ನಲವತ್ತೆರಡು ವರ್ಷಗಳ ನಂತರ ತಾಯ್ನಾಡಿಗೆ ಮರಳಿದವರ ಕಛೇರಿ ಅದು. ಪ್ರಾಗ್‌ನ ಆ ಸಂಜೆಯ ಭಾವಾವೇಶ ಮುದ್ರಣದಲ್ಲೂ ಕೇಳಿಸುತ್ತದೆ, ನಿಜ. ಆದರೆ ಸಂಗೀತವನ್ನಷ್ಟೇ ತೂಗಿ ನೋಡಿದರೆ, ಇನ್ನೊಬ್ಬ ಚೆಕ್ ನಿರ್ದೇಶಕ ಕರೆಲ್ ಆಂಚೆರ್ಲ್ ಅದೇ ವಾದ್ಯವೃಂದದೊಂದಿಗೆ 1963ರಲ್ಲಿ ಸುಪ್ರಾಫೋನ್ ಧ್ವನಿಮುದ್ರಣ ಸಂಸ್ಥೆಗೆ ಮಾಡಿದ ಮುದ್ರಣವೇ ನನಗೆ ಹೆಚ್ಚಿನದು. ಕೃತಿಯಲ್ಲಿ ವ್ಲ್ತಾವಾ ನದಿಯನ್ನು ಚಿತ್ರಿಸುವ ‘ವ್ಲ್ತಾವಾ’ ಭಾಗದ ಆರಂಭದಲ್ಲಿ ಎರಡು ಕೊಳಲುಗಳು, ಒಂದು ಬಿಟ್ಟಲ್ಲಿಂದ ಇನ್ನೊಂದು ಎತ್ತಿಕೊಳ್ಳುತ್ತ, ಮೊದಲ ತೊರೆಯಾಗಿ ಹರಿದು, ಕ್ಲಾರಿನೆಟ್‌ಗಳು ನುಡಿಸುವ ಎರಡನೆಯ ತೊರೆಯೊಂದಿಗೆ ಕೂಡಿ ನದಿಯಾಗುವುದನ್ನು ಅಲ್ಲಿ ಒಂದೊಂದು ಸ್ವರವೂ ಬಿಡಿಬಿಡಿಯಾಗಿ ಕೇಳುವಂತೆ ಹಿಡಿದಿದ್ದಾರೆ. ನಾಜಿಗಳ ಆಶ್ವಿಟ್ಸ್ ಸಾವಿನ ಶಿಬಿರದಲ್ಲಿ ಹೆಂಡತಿ ಮತ್ತು ಮಗನನ್ನು ಕಳೆದುಕೊಂಡಿದ್ದ ಆಂಚೆರ್ಲ್ ಈ ದೇಶಭಕ್ತಿಯ ಕೃತಿಯನ್ನು ಎಲ್ಲಿಯೂ ಎಳೆಯದೆ, ಉಬ್ಬಿಸದೆ ನುಡಿಸಿದ್ದಾರೆ. ಆ ಸಂಯಮವೇ ನನ್ನನ್ನು ಮತ್ತೆ ಮತ್ತೆ ಅಲ್ಲಿಗೆ ಕರೆದೊಯ್ಯುತ್ತದೆ.